ಚಾಪೆಯಿಂದ ಮೊದಲ ಹೆಜ್ಜೆಗೆ: ಮಗು ಬೋರಲಾಗಲು, ಕೂರಲು, ನಡೆಯಲು ಮನೆಯಲ್ಲಿ ನೆರವಾಗುವ ಬಗೆ

ಮಗುವಿಗೆ ಮೈಮೇಲಿನ ಹಿಡಿತ ತಲೆಯಿಂದ ಶುರುವಾಗಿ ಕೆಳಗಿಳಿಯುತ್ತದೆ. ಮೊದಲು ಕತ್ತು ನಿಲ್ಲಬೇಕು, ಆಮೇಲೆ ಬೆನ್ನು, ಸೊಂಟ, ಕೊನೆಗೆ ಕಾಲು. ಹಾಗಾಗಿ ಕಾಲು ಗಟ್ಟಿಯಾಗಲಿ ಎಂದು 5 ತಿಂಗಳ ಕೂಸನ್ನು ಹಿಡಿದು ನಿಲ್ಲಿಸುವುದಕ್ಕಿಂತ ಚಾಪೆ ಹಾಸಿ ನೆಲಕ್ಕೆ ಬಿಡುವುದು ಎಷ್ಟೋ ಮೇಲು. ತಾನಾಗಿ ತಲುಪಲಾರದ, ತಾನಾಗಿ ಹೊರಬರಲಾರದ ಭಂಗಿಯಲ್ಲಿ ಮಗುವನ್ನು ಬಹಳ ಹೊತ್ತು ಇಡಬೇಡಿ.

ಬೋರಲು ಮಲಗಿಸುವುದು

ಹುಟ್ಟಿದ ಮೊದಲ ವಾರಗಳಿಂದಲೇ ಶುರು ಮಾಡಬಹುದು. ಮಗು ಎಚ್ಚರವಾಗಿರಬೇಕು, ಹಾಲು ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು, ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಮೊದಮೊದಲು ಸಲಕ್ಕೆ 1–2 ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಸಲ. ಇನ್ನೂ ಹರಿದಾಡದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಿ.

ಮೆತ್ತನೆಯ ಹಾಸಿಗೆ ಬೇಡ. ಕೈ ಊರಿದರೆ ಒಳಗೆ ಹೂತುಹೋಗುತ್ತದೆ, ಮುಖವೂ ಹುದುಗುತ್ತದೆ. ನೆಲದ ಮೇಲೆ ಚಾಪೆ, ಅದರ ಮೇಲೆ ಒಂದು ಜಮಖಾನ. ತಲೆ ಎತ್ತಲು ಒದ್ದಾಡುತ್ತಿದ್ದರೆ ಕೈವಸ್ತ್ರವನ್ನು ಸುರುಳಿ ಸುತ್ತಿ ಎದೆಯ ಕೆಳಗಿಟ್ಟು, ಎರಡೂ ಮೊಣಕೈಗಳನ್ನು ಸುರುಳಿಯ ಮುಂದಕ್ಕೆ ತನ್ನಿ. ಅನೇಕರು ಸುರುಳಿಯನ್ನು ಹೊಟ್ಟೆಯ ಕೆಳಗಿಡುತ್ತಾರೆ; ಆಗ ಭಾರವೆಲ್ಲ ಮುಂದಕ್ಕೆ ಬಂದು ಮುಖ ಚಾಪೆಗೆ ಬಡಿಯುತ್ತದೆ, ಮಗು ಅಳುತ್ತದೆ, ‘ನಮ್ಮ ಪಾಪುಗೆ ಇದು ಇಷ್ಟವಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅಳುವ ಮಗುವನ್ನು ನಿಮ್ಮ ಎದೆಯ ಮೇಲೇ ಬೋರಲು ಹಾಕಿಕೊಳ್ಳಿ. ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಹಚ್ಚುವ ಹೊತ್ತೂ ಈ ಲೆಕ್ಕಕ್ಕೇ ಸೇರುತ್ತದೆ. ನೆಲಕ್ಕೆ ಬಿಡುವ ಮುಂಚೆ ಅಂಗೈ, ಮೊಣಕಾಲಿನ ಎಣ್ಣೆ ಒರೆಸಿ, ಇಲ್ಲದಿದ್ದರೆ ಜಾರುತ್ತದೆ.

ಕೂರುವುದು, ಅಂಬೆಗಾಲು

ಸುತ್ತ ದಿಂಬು ಒತ್ತರಿಸಿ ಕೂರಿಸಿದ ಮಗು ನಿಜಕ್ಕೂ ಕೂತಿರುವುದಿಲ್ಲ, ಒರಗಿರುತ್ತದೆ. ಕತ್ತು ಚೆನ್ನಾಗಿ ನಿಂತ ಮೇಲೆ ನಿಮ್ಮ ಎರಡು ಕಾಲುಗಳ ನಡುವೆ ಕೂರಿಸಿಕೊಂಡು, ಅದರ ಕೈಗಳನ್ನು ಮುಂದೆ ನೆಲಕ್ಕೆ ಊರಿಸಿ. ಕೈ ಎತ್ತಿ ಆಟಿಕೆ ಹಿಡಿದರೂ ವಾಲದಿದ್ದರೆ ಆಟಿಕೆಯನ್ನು ಪಕ್ಕಕ್ಕೆ ಸರಿಸಿ. ಪಕ್ಕಕ್ಕೆ ತಿರುಗಿ ಕೈ ಊರಿ ಬಾಗುವ ಆ ಚಲನೆಯೇ ಮುಂದೆ ಅಂಬೆಗಾಲಿಗೆ ದಾರಿ.

ನುಣುಪು ಟೈಲ್ಸ್ ನೆಲದಲ್ಲಿ ಕಾಲು ಮುಚ್ಚುವ ಪೈಜಾಮ ಹಾಕಿದರೆ ಮೊಣಕಾಲು ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಬರೀ ಚಡ್ಡಿ ಸಾಕು. ಕೆಲವು ಮಕ್ಕಳು ಅಂಬೆಗಾಲಿಡದೆ ಕೂತಲ್ಲೇ ತೆವಳಿ ನೇರ ಎದ್ದು ನಿಲ್ಲುತ್ತವೆ, ಬೇರೆಲ್ಲ ಸರಿಯಿದ್ದರೆ ಅದು ದೋಷವಲ್ಲ.

ನಿಲ್ಲುವುದು, ಮತ್ತೆ ಕೂರುವುದು

ಮಂಚದ ಅಂಚು ಹಿಡಿದು ಎದ್ದ ಮಗು ಸ್ವಲ್ಪ ಹೊತ್ತಿಗೆ ಅಳತೊಡಗುತ್ತದೆ. ಗಮನಿಸಿ ನೋಡಿ: ಬೆರಳು ಬಿಗಿಹಿಡಿದಿದೆ, ಮೊಣಕಾಲು ಸೆಟೆದಿದೆ. ಏಳಲು ಬಂತು, ಇಳಿಯಲು ಇನ್ನೂ ಬಂದಿಲ್ಲ. ಎತ್ತಿಕೊಂಡುಬಿಟ್ಟರೆ ಕಲಿಯುವುದೂ ತಪ್ಪಿತು. ಹಿಂದೆ ಮಂಡಿಯೂರಿ, ಸೊಂಟ ಹಿಡಿದು, ಭಾರವನ್ನು ಒಂದು ಕಾಲಿಗೆ ವಾಲಿಸಿ, ಇನ್ನೊಂದು ಮೊಣಕಾಲನ್ನು ಮೆಲ್ಲಗೆ ಮಡಚಿ. ಕಾಲ ಬಳಿ ನೆಲದಲ್ಲಿ ಒಂದು ಚಮಚವೋ ಲೋಟವೋ ಇಡಿ. ಅದನ್ನು ಹಿಡಿಯಲೆಂದು ತಾನೇ ಬಾಗುತ್ತದೆ.

ನಡಿಗೆ

ಒಳಗೆ ಕೂರಿಸುವ ಗಾಲಿ ವಾಕರ್ ಬೇಡವೇ ಬೇಡ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಸಮತೋಲ ಕಲಿಯುವ ಕೆಲಸವನ್ನು ಸೀಟೇ ಮಾಡಿಬಿಡುತ್ತದೆ. ಮೆಟ್ಟಿಲಿದ್ದ ಮನೆಯಲ್ಲಿ ಕ್ಷಣಮಾತ್ರದಲ್ಲಿ ಉರುಳುತ್ತದೆ. ಕೆನಡಾ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿದೆ. ನಿಂತು ತಳ್ಳುವ ಮರದ ಗಾಡಿಯಾದರೆ ಸರಿ. ಹಗುರವಾಗಿ ಮುಂದೋಡದಂತೆ ಅದರ ತಳದಲ್ಲಿ 2 ಕೆಜಿ ರಾಗಿ ಚೀಲ ಇಟ್ಟು, ನೀವು ಜೊತೆಗಿರಿ.

ಎರಡೂ ಕೈ ಮೇಲಕ್ಕೆಳೆದು ನಡೆಸಿದರೆ ಮೈ ಮುಂದಕ್ಕೆ ವಾಲುತ್ತದೆ. ಸೊಂಟ ಹಿಡಿಯಿರಿ, ಇಲ್ಲವೇ ಕೈ ಅದರ ಭುಜಕ್ಕಿಂತ ಕೆಳಗಿರಲಿ. ಮನೆಯೊಳಗೆ ಬರಿಗಾಲೇ ಒಳ್ಳೆಯದು, ಬೆರಳುಗಳು ನೆಲವನ್ನು ಹಿಡಿಯುತ್ತವೆ. ಕಾಲಗಲಿಸಿ, ಕೈ ಮೇಲೆತ್ತಿ ನಡೆಯುವುದು, ಚಪ್ಪಟೆ ಪಾದ, ಇವೆಲ್ಲ ಈ ವಯಸ್ಸಿಗೆ ಸಹಜ.

ಯಾವಾಗ ತೋರಿಸಬೇಕು

ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದಲ್ಲಿ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಸ್ವತಃ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಪಕ್ಕದ ಮನೆಯ ಕೂಸು 10 ತಿಂಗಳಿಗೆ ನಡೆಯಿತೆಂದು ಕಂಗಾಲಾಗಬೇಡಿ. ದಿನ ತುಂಬುವ 8 ವಾರ ಮುಂಚೆ ಹುಟ್ಟಿದ ಮಗುವಿಗೆ 6 ತಿಂಗಳಾದಾಗ 4 ತಿಂಗಳೆಂದೇ ಎಣಿಸಿ. ಸುಮಾರು 2 ವರ್ಷದವರೆಗೆ ಇದೇ ಲೆಕ್ಕ.

4 ತಿಂಗಳಾದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಿಗೆ ಕೂರದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ, ಮೈ ಸೆಟೆದಂತೆಯೋ ಜೋತುಬಿದ್ದಂತೆಯೋ ಇದ್ದರೆ, ವರ್ಷದೊಳಗೇ ಒಂದೇ ಕೈ ಬಳಸುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬರುತ್ತಿದ್ದ ಚಲನೆ ನಿಂತುಹೋದರಂತೂ ಒಂದು ದಿನವೂ ಕಾಯಬೇಡಿ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮಗು ಮನೆಯಲ್ಲಿ ಕೂರುವ, ಹರಿದಾಡುವ ಒಂದೆರಡು ನಿಮಿಷದ ವಿಡಿಯೊವನ್ನೂ ಒಯ್ಯಿರಿ. ಆಸ್ಪತ್ರೆಯ ಹೊಸ ಮುಖಗಳ ನಡುವೆ ಅದು ನಿಮ್ಮ ಸೊಂಟ ಬಿಟ್ಟು ಇಳಿಯದೆಯೂ ಇರಬಹುದು.