ಎರೆ ನೆಲದಲ್ಲಿ ಪಾರ್ಕಿನ ಬೇಲಿ ನಿಲ್ಲಿಸಿದ್ದು

ದಾವಣಗೆರೆಯಲ್ಲಿ ನಾನು ಗ್ರಿಲ್, ಗೇಟು, ಬೇಲಿ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಒಂದು ಬಡಾವಣೆ ಪಾರ್ಕಿನ ಬೇಲಿ ಬದಲಿಸುವ ಕೆಲಸ ಸಿಕ್ಕಿತು. ಜಾಲರಿ ಹರಿದಿತ್ತು, ಕಂಬಗಳು ದಿಕ್ಕಿಗೊಂದು ವಾಲಿದ್ದವು. ಹೊಸ ಜಾಲರಿ ಕಟ್ಟಿದರೆ ಆಯ್ತು ಅಂತ ಅಲ್ಲಿನವರ ಲೆಕ್ಕ. ಆದರೆ ನಮ್ಮೂರಲ್ಲಿ ಬೇಲಿ ಕೆಡುವುದು ಬುಡದಿಂದ.

ಕಾರಣ ಎರೆ ಮಣ್ಣು. ಹೊಲ ಇದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಹಳೇ ಕಂಬ ಕಿತ್ತು ನೋಡಿದರೆ ಹೂತಿದ್ದೇ ಒಂದಡಿ, ಅದಕ್ಕೆ ಒಂದು ಬಾಂಡ್ಲಿ ಕಾಂಕ್ರೀಟು. ನಿಲ್ಲುವುದಾದರೂ ಹೇಗೆ?

ಹಳೇ ಬೇಲಿ ಇದ್ದ ಜಾಗವೇ ಗಡಿ ಅಂತ ನಂಬಲು ಹೋಗಬೇಡಿ. ಬಡಾವಣೆ ನಕ್ಷೆ ತರಿಸಿ, ಎಂಜಿನಿಯರ್ ಎದುರಿಗೇ ಗಡಿಕಲ್ಲಿನಿಂದ ಟೇಪು ಹಿಡಿದೆವು. ಪಾರ್ಕು, ಮೈದಾನ ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅರ್ಧ ಅಡಿ ಆಚೀಚೆ ಆದರೂ ನಾಳೆ ತಕರಾರು ಬರುವುದು ಬೇಲಿ ಹಾಕಿದವನ ತಲೆಗೆ. ಕಿತ್ತ ಕಬ್ಬಿಣವೂ ಸರ್ಕಾರದ್ದೇ. ಸುಮ್ನೆ ಗುಜರಿಗೆ ಹಾಕುವಂತಿಲ್ಲ. ಎಣಿಸಿ, ಬರೆದು, ಸಹಿ ಹಾಕಿಸಿಕೊಂಡು ಒಪ್ಪಿಸಿದೆ.

ಗುಂಡಿ ಎರಡೂವರೆ ಅಡಿ ಆಳ. ತಳದಲ್ಲಿ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಸಿಕ್ಕರೆ ಸರಿ. ಸಿಗದ ಕಡೆ ಗುಂಡಿ ಅಗಲ ಮಾಡಿ, ತಳಕ್ಕೆ ಗರಸು ತುಂಬಿ ದಮ್ಮಸು ಮಾಡಿಸಿದೆ. ಸಿಮೆಂಟು, ಮರಳು, ಜಲ್ಲಿ 1:2:4 ಲೆಕ್ಕದ ಕಾಂಕ್ರೀಟು, ಜಲ್ಲಿ 20 ಎಂಎಂ. ಮೇಲ್ಭಾಗ ನೆಲಕ್ಕಿಂತ ಎರಡು ಇಂಚು ಎತ್ತರ, ಸುತ್ತಲೂ ಇಳಿಜಾರು. ಆ್ಯಂಗಲ್ ಕಂಬ ತುಕ್ಕು ಹಿಡಿದು ಮುರಿಯುವುದು ನೆಲಕ್ಕೆ ತಾಗುವ ಜಾಗದಲ್ಲೇ. ಅಲ್ಲಿ ನೀರು ನಿಲ್ಲಬಾರದು.

ಮೊದಲು ಮೂಲೆ ಕಂಬಗಳು, ಅವಕ್ಕೆ ಎರಡೂ ಕಡೆ ಓರೆ ಸಪೋರ್ಟು. ಆಮೇಲೆ ನೂಲು ಹಿಡಿದು ಎಂಟೆಂಟು ಅಡಿಗೆ ನಡುಗಂಬ. ಒಂದು ವಾರ ನೀರು ಹಾಕಿ ಕ್ಯೂರಿಂಗ್ ಆಗುವ ತನಕ ತಂತಿ ಎಳೆಯಲು ಬಿಡಲಿಲ್ಲ. ಹಸಿ ಕಾಂಕ್ರೀಟಿನಲ್ಲಿ ಎಳೆದರೆ ಮೂಲೆ ಕಂಬ ಒಳಗೆ ಬಾಗುತ್ತದೆ.

ಜಾಲರಿ 10 ಗೇಜಿನದು, ಕಣ್ಣು 50 ಎಂಎಂ. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ಸಣ್ಣ. 12 ಗೇಜು ಅಗ್ಗ ಅಂತ ತಂದರೆ ಹುಡುಗರು ಹತ್ತಿದ ಕೂಡಲೇ ಜೋತು ಬೀಳುತ್ತದೆ. ಮೂರು ಸಾಲು ತಂತಿ ಬಿಗಿದು, ಜಾಲರಿಯನ್ನು ಅದಕ್ಕೆ ಕಟ್ಟಿದೆವು. ವೆಲ್ಡಿಂಗ್ ಮಾಡಿಸಲಿಲ್ಲ. ಶಾಖಕ್ಕೆ ಸತುವಿನ ಲೇಪ ಸುಟ್ಟು, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಮಕ್ಕಳು ಆಡುವ ಜಾಗ ಅಲ್ವಾ, ಹಾಗಾಗಿ ಮಡಚಿದ ತುದಿ ಮೇಲೆ, ಚೂಪು ತುದಿ ಕೆಳಗೆ.

ಹಿಂಬದಿಯಲ್ಲಿ ಮಾತ್ರ ಹಳೇ ಬೇಲಿಯನ್ನು ಯಾರೋ ಬೇಕಂತಲೇ ಕತ್ತರಿಸಿದ್ದರು. ವಾಕಿಂಗ್ ಬಂದಿದ್ದ ಒಬ್ಬ ಅಜ್ಜಿ ಹೇಳಿದರು: 'ತಮ್ಮಾ, ನೀ ಎಷ್ಟು ಗಟ್ಟಿ ಹಾಕಿದ್ರೂ ಇಲ್ಲಿ ಕತ್ತರಿಸ್ತಾರೆ ನೋಡು. ಬಸ್ ಸ್ಟಾಪ್ ಆ ಕಡೆ ಐತಿ.' ಹೌದು, ಸುತ್ತಿ ಹೋಗಲು ಯಾರಿಗೆ ಬೇಕು? ಎಂಜಿನಿಯರಿಗೆ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆದು, ಅಲ್ಲೇ ಅಂಕುಡೊಂಕು ದಾರಿ ಬಿಟ್ಟೆ. ಮನುಷ್ಯ ನುಸುಳಬಹುದು, ಬೈಕು, ದನ ನುಗ್ಗಲ್ಲ. ಗಾಲಿಕುರ್ಚಿಗೆ ಮುಂದಿನ ಗೇಟು ಇದೆ.

ಒಂದು ಮಳೆಗಾಲ ಕಳೆದಿದೆ. ಆ ಹಿಂಬದಿಯನ್ನು ಯಾರೂ ಮುಟ್ಟಿಲ್ಲ. ನಲ್ಲಿ ಪಕ್ಕದ ಒಂದು ಕಂಬ ಮಾತ್ರ ಸ್ವಲ್ಪ ವಾಲಿದೆ. ನಲ್ಲಿ ಸೋರಿ ಬುಡ ಯಾವಾಗಲೂ ಹಸಿ. ಮೊದಲು ನಲ್ಲಿ ರಿಪೇರಿ ಮಾಡಿಸಿ, ಆಮೇಲೆ ಬಂದು ಕಂಬ ನೆಟ್ಟಗೆ ಮಾಡಿಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ.