ಸಿಗ್‌ವಿನ್, ಎಸ್‌ಎಸ್‌ಎಚ್ ಮತ್ತು 600ರ ಗಲಾಟೆ

ನಮ್ಮ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್‌ನಿಂದ ವಿಂಡೋಸ್ ತೆಗೆಯುವ ಮಾತೇ ಇಲ್ಲ. ನುಡಿ, ಪೇಜ್‌ಮೇಕರ್‌ನ ಹಳೆ ಫೈಲುಗಳು, ಜಿಎಸ್‌ಟಿ ಲೆಕ್ಕ ಎಲ್ಲ ಅದರಲ್ಲೇ ಇದೆ. ಆದರೆ ನನ್ನ ಕೆಲಸದ ಅರ್ಧ ನಡೆಯುವುದು ಶೆಲ್ ಸ್ಕ್ರಿಪ್ಟುಗಳಲ್ಲಿ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲುಗಳು): ನುಡಿಯ ಆಸ್ಕಿ ಫೈಲುಗಳನ್ನು ಯೂನಿಕೋಡ್ ಮಾಡುವುದು, ಸ್ಕ್ಯಾನ್ ಆದ ಪುಟಗಳ ಅಂಚು ಕತ್ತರಿಸಿ ಪಿಡಿಎಫ್ ಕಟ್ಟುವುದು, ಇಂಥವು. ಅದಕ್ಕಾಗಿ, ವಿಂಡೋಸ್ ಮೇಲೆಯೇ ಲಿನಕ್ಸ್ ಥರದ ಕಮಾಂಡುಗಳನ್ನು ಓಡಿಸುವ ಸಿಗ್‌ವಿನ್ ಇಟ್ಟುಕೊಂಡಿದ್ದೇನೆ. ರಾತ್ರಿ ಮನೆಯಲ್ಲಿ ಕೂತು ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಅಂಗಡಿಯ ಯಂತ್ರಕ್ಕೆ ಲಾಗಿನ್ ಆಗಿ ಸ್ಕ್ರಿಪ್ಟ್ ಓಡಿಸಬೇಕು ಅನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದಕ್ಕೆ ದಾರಿ ಎಸ್‌ಎಸ್‌ಎಚ್, ಅಂದರೆ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಕೊಡುವ ವ್ಯವಸ್ಥೆ.

ರಿಮೋಟ್ ಡೆಸ್ಕ್‌ಟಾಪ್ ಯಾಕೆ ಬೇಡ ಎಂದರೆ, ಅಂಗಡಿಯಲ್ಲಿರುವುದು ವಿಂಡೋಸ್‌ನ ಹೋಮ್ ಆವೃತ್ತಿ. ಅದು ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪ್ ಒಪ್ಪುವುದಿಲ್ಲ. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಚೆನ್ನಾಗಿದೆ, ಆದರೆ ಸಾಮಾನ್ಯವಾಗಿ ಅದಕ್ಕೆ ತನ್ನದೇ ಬೇರೆ ಐಪಿ ವಿಳಾಸ. ಮೇಲಾಗಿ ಯಾರಾದರೂ ಅದನ್ನು ಎಬ್ಬಿಸುವವರೆಗೆ ಮಲಗಿಯೇ ಇರುತ್ತದೆ. ನಮ್ಮದು ಮಲೆನಾಡು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಯಂತ್ರ ತಾನೇ ಎದ್ದು ಲಾಗಿನ್‌ಗೆ ಸಿದ್ಧವಾಗಿರಬೇಕು. ಸಿಗ್‌ವಿನ್‌ನ ಎಸ್‌ಎಸ್‌ಎಚ್ ಸರ್ವರ್ ವಿಂಡೋಸ್ ಸರ್ವಿಸ್ ಆಗಿ ಓಡುತ್ತದೆ, ಯಾರೂ ಸೈನ್ ಇನ್ ಆಗದಿದ್ದರೂ ಇರುತ್ತದೆ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಹಾಕಿಬಿಟ್ಟರೆ ಮುಗಿಯಿತು.

ಸರ್ವರ್ ಹಾಕುವುದು ಸಲೀಸು. ಸಿಗ್‌ವಿನ್ ಸೆಟಪ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಆರಿಸಿ, ಟರ್ಮಿನಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಎಸ್‌ಎಸ್‌ಎಚ್-ಹೋಸ್ಟ್-ಕಾನ್ಫಿಗ್' ಓಡಿಸಿದರೆ ಅದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಸರ್ವಿಸ್ ಮಾಡಲೇ ಎಂದಾಗ ಹೌದು ಅನ್ನಬೇಕು. ಹಳೆಯ ಟಿಪ್ಪಣಿಗಳಲ್ಲಿ ಇದಕ್ಕಾಗಿ ಬೇರೆ ಯೂಸರ್ ಮಾಡಲು ಹೇಳಿರುತ್ತಾರೆ. 2019ರ ಸಿಗ್‌ವಿನ್ 3.0 ನಂತರ ಅದರ ಅಗತ್ಯವಿಲ್ಲ, ವಿಂಡೋಸ್‌ನ ಸಿಸ್ಟಮ್ ಖಾತೆಯೇ ಸಾಕು. ಒಂದು ಎಚ್ಚರ ಬೇಕು: ವಿಂಡೋಸ್ 10ರ 1809 ಆವೃತ್ತಿಯಿಂದ ಮೈಕ್ರೋಸಾಫ್ಟ್‌ನದೇ ಓಪನ್‌ಎಸ್‌ಎಸ್‌ಎಚ್ ಸರ್ವರ್ ಕೂಡ ಐಚ್ಛಿಕ ಫೀಚರ್ ಆಗಿ ಸಿಗುತ್ತದೆ. ಎರಡನ್ನೂ ಶುರು ಮಾಡಿದರೆ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್‌ಗೆ (ನೆಟ್‌ವರ್ಕ್ ಬಾಗಿಲಿಗೆ) ಜಗಳ.

ಪಾಸ್‌ವರ್ಡ್ ಬದಲು ಕೀಯಿಂದ ಲಾಗಿನ್ ಆಗಲು ಲ್ಯಾಪ್‌ಟಾಪ್‌ನಲ್ಲಿ ಗುಟ್ಟಾಗಿಡುವ ಪ್ರೈವೇಟ್ ಕೀ, ಸರ್ವರ್‌ಗೆ ಕೊಡುವ ಪಬ್ಲಿಕ್ ಕೀ ಎಂಬ ಜೋಡಿ ಮಾಡಿ, ಪಬ್ಲಿಕ್ ಕೀಯನ್ನು ಡೆಸ್ಕ್‌ಟಾಪ್‌ನ ಆಥರೈಸ್ಡ್ ಕೀಸ್ ಫೈಲಿಗೆ ಸೇರಿಸಿದೆ. ಲಾಗಿನ್ ಮಾಡಿದರೆ ಮತ್ತೆ ಪಾಸ್‌ವರ್ಡ್ ಕೇಳಿತು. ಲ್ಯಾಪ್‌ಟಾಪ್ ಕಡೆ ವಿವರ ತೋರಿಸುವ '-ವಿ' ಆಯ್ಕೆ ಹಾಕಿ ನೋಡಿದರೆ, ಕೀ ಕಳಿಸಿದೆ ಎಂದಿದೆ, ಮುಂದಿನ ಸಾಲಿನಲ್ಲಿ ಪಾಸ್‌ವರ್ಡ್‌ಗೆ ಇಳಿದಿದೆ. ಕಾರಣದ ಸುಳಿವಿಲ್ಲ. ಸರ್ವರ್ ಬೇಕೆಂದೇ ಹಾಗೆ ಮಾಡುತ್ತದೆ. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಹೊರಗೆ ನಿಂತವನಿಗೆ ವಿವರಿಸುವುದು ಸುರಕ್ಷತೆಯಲ್ಲ.

ಕಾರಣ ಸಿಗುವುದು ಡೆಸ್ಕ್‌ಟಾಪ್‌ನಲ್ಲೇ. ಸಿಗ್‌ವಿನ್‌ನಲ್ಲಿ ಸಿಸ್‌ಲಾಗ್ ಎಂಬ ದಾಖಲೆ ಬರೆಯುವ ಪ್ರೋಗ್ರಾಂ ಓಡಿಸದಿದ್ದರೆ ಸರ್ವರ್‌ನ ಮಾತುಗಳೆಲ್ಲ ವಿಂಡೋಸ್‌ನ ಇವೆಂಟ್ ವ್ಯೂವರ್‌ಗೆ ಹೋಗುತ್ತವೆ, ಅಲ್ಲಿ 'ಅಪ್ಲಿಕೇಶನ್' ಲಾಗ್‌ನಲ್ಲಿ ಕೂರುತ್ತವೆ. ತೆರೆದ ಕೂಡಲೇ 'ಈ ಇವೆಂಟ್‌ನ ವಿವರಣೆ ಸಿಗಲಿಲ್ಲ' ಎಂಬ ಉದ್ದದ ಸಾಲು ಕಾಣಿಸುತ್ತದೆ. ಅದನ್ನು ಓದಿ ಮುಚ್ಚಿಬಿಡಬಾರದು, ಅಸಲಿ ಸಂದೇಶ ಅದರ ಕೆಳಗಿರುತ್ತದೆ. ನನಗೆ ಸಿಕ್ಕಿದ್ದು 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್' ಎಂದು, ಮುಂದೆ ಆಥರೈಸ್ಡ್ ಕೀಸ್ ಫೈಲಿನ ಹೆಸರು.

ಅಂದರೆ ಕೀಯಲ್ಲಿ ದೋಷವಿಲ್ಲ. ಸರ್ವರ್‌ನಲ್ಲಿ 'ಸ್ಟ್ರಿಕ್ಟ್ ಮೋಡ್ಸ್' ಎಂಬ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ. ಹೋಮ್ ಫೋಲ್ಡರ್, ಅದರೊಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್, ಕೀ ಇರುವ ಫೈಲ್, ಈ ಮೂರರಲ್ಲಿ ಯಾವುದಕ್ಕಾದರೂ ನಿಮ್ಮ ಹೊರತು ಗುಂಪಿನವರೋ ಬೇರೆಯವರೋ ಬರೆಯಬಹುದು ಎಂದಿದ್ದರೆ ಅದು ಕೀಯನ್ನು ನೋಡುವುದೇ ಇಲ್ಲ. ನ್ಯಾಯವೇ. ಆ ಫೈಲಿಗೆ ತನ್ನ ಕೀ ಸೇರಿಸಬಲ್ಲವನು ನಿಮ್ಮ ಹೆಸರಿನಲ್ಲಿ ಒಳಗೆ ಬರಬಲ್ಲ. ಕೆಲವರು ಈ ಆಯ್ಕೆಯನ್ನೇ ಆಫ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಇಬ್ಬರು ಮೂವರು ಕೂರುವ ಯಂತ್ರದಲ್ಲಿ ನಾನು ಅದನ್ನು ಮಾಡಲಾರೆ.

ಫೋಲ್ಡರ್‌ಗೆ 700, ಫೈಲಿಗೆ 600 ಕೊಡುವುದು ವಾಡಿಕೆ. ಮೂರಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಉಳಿದವರ ಹಕ್ಕು: 6 ಎಂದರೆ ಓದುವ, ಬರೆಯುವ ಹಕ್ಕು, 7 ಎಂದರೆ ಅದರ ಜೊತೆ ಫೋಲ್ಡರ್ ಒಳಗೆ ಹೋಗುವ ಹಕ್ಕು, 0 ಎಂದರೆ ಏನೂ ಇಲ್ಲ. ಹಕ್ಕು ಬದಲಿಸುವ ಸಿಎಚ್‌ಮಾಡ್ ಕಮಾಂಡಿನಿಂದ 600 ಕೊಟ್ಟೆ. ಕಮಾಂಡ್ ತಕರಾರಿಲ್ಲದೆ ಮುಗಿಯಿತು. ಫೈಲುಗಳ ವಿವರ ತೋರಿಸುವ ಎಲ್‌ಎಸ್ -ಎಲ್ ಮಾಡಿದರೆ ಗುಂಪಿಗೆ ಇನ್ನೂ ಓದುವ, ಬರೆಯುವ ಹಕ್ಕು ಹಾಗೇ ಇದೆ, 660. ಮತ್ತೆ ಕೊಟ್ಟರೂ 660. ಲಿನಕ್ಸ್‌ನಲ್ಲಿ ಹೀಗೆ ಆಗುವುದನ್ನು ನಾನು ಕಂಡಿರಲಿಲ್ಲ.

ಉತ್ತರ ಅದೇ ಸಾಲಿನಲ್ಲಿತ್ತು. ಓನರ್ ಜಾಗದಲ್ಲಿ ನನ್ನ ಹೆಸರು, ಪಕ್ಕದ ಗುಂಪಿನ ಜಾಗದಲ್ಲೂ ನನ್ನದೇ ಹೆಸರು. ವಿಂಡೋಸ್‌ನಲ್ಲಿ ಮಾಲೀಕ, ಗುಂಪು, ಉಳಿದವರು ಎಂಬ ಮೂರು ಮನೆಗಳಿಲ್ಲ. ಯಾರಿಗೆ ಏನು ಹಕ್ಕು ಎಂಬ ಪಟ್ಟಿ ಇರುತ್ತದೆ, ಅದನ್ನು ಎಸಿಎಲ್ ಅನ್ನುತ್ತಾರೆ. ಸಿಗ್‌ವಿನ್ ಆ ಪಟ್ಟಿಯನ್ನು ಓದಿ ನಮಗೆ ಮೂರಂಕಿ ಮಾಡಿ ತೋರಿಸುತ್ತದೆ. ಒಬ್ಬ ವ್ಯಕ್ತಿಯನ್ನೇ ಗುಂಪಿನ ಜಾಗದಲ್ಲಿ ಇಡಲು ವಿಂಡೋಸ್ ಬಿಡುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗುವ ಯಂತ್ರಗಳಲ್ಲಿ ಇದು ಸಾಮಾನ್ಯ. ಮಾಲೀಕನೂ ಗುಂಪೂ ಒಬ್ಬನೇ ಆದರೆ, ಮಾಲೀಕನಿಗೆ ಕೊಟ್ಟ ಹಕ್ಕನ್ನು ಗುಂಪಿನಿಂದ ಕಿತ್ತುಕೊಳ್ಳುವುದಾದರೂ ಹೇಗೆ?

ಗುಂಪನ್ನು ಬದಲಿಸಿದೆ. ಸಿಎಚ್‌ಗ್ರೂಪ್ ಕಮಾಂಡಿನಿಂದ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ಮತ್ತು ಒಳಗಿನ ಎಲ್ಲದರ ಗುಂಪನ್ನು 'ಯೂಸರ್ಸ್' ಮಾಡಿ, ಆಮೇಲೆ 700, 600 ಕೊಟ್ಟೆ. ಈ ಸಲ ಅಂಕಿಗಳು ನಿಂತವು. ಲಾಗಿನ್ ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟಿತು. ಅಂದಿನಿಂದ ಸಿಗ್‌ವಿನ್‌ನಲ್ಲಿ ಪರ್ಮಿಶನ್ ತಕರಾರು ಬಂದರೆ ನಾನು ಮೊದಲು ನೋಡುವುದು ಅಂಕಿಯನ್ನಲ್ಲ, ಗುಂಪಿನ ಹೆಸರನ್ನು ಮತ್ತು ಆ ಜಾಗ ಹೇಗೆ ಮೌಂಟ್ ಆಗಿದೆ, ಅಂದರೆ ಸಿಗ್‌ವಿನ್‌ಗೆ ಹೇಗೆ ಜೋಡಣೆಯಾಗಿದೆ ಎಂಬುದನ್ನು.

ಮೌಂಟ್ ವಿಷಯ ಕಲಿಸಿದ್ದು ನಮ್ಮ ಆಪರೇಟರ್ ಹುಡುಗಿ. ಅವಳಿಗೆ ಬೇರೆ ಸೈನ್ ಇನ್ ಇದೆ. ರಾತ್ರಿ ನಾನು ಸ್ಕ್ರಿಪ್ಟ್ ಓಡಿಸಿಟ್ಟ ಮಾರನೇ ಬೆಳಗ್ಗೆ ಫೋನ್: "ಸರ್, ನಿನ್ನೆ ಆದ ಪುಟಗಳು ಯಾವುದೂ ಓಪನ್ ಆಗ್ತಿಲ್ಲ. ಪರ್ಮಿಶನ್ ಇಲ್ಲ ಅಂತ ಬರ್ತಿದೆ." ಫೈಲಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ ಟ್ಯಾಬ್ ತೆರೆದರೆ, ಪರ್ಮಿಶನ್‌ಗಳ ಕ್ರಮ ಸರಿಯಿಲ್ಲ ಎಂಬ ಎಚ್ಚರಿಕೆ. ಸಿಗ್‌ವಿನ್ ಯೂನಿಕ್ಸ್ ಅಂಕಿಗಳನ್ನು ಎಸಿಎಲ್ ಪಟ್ಟಿಯಾಗಿ ಬರೆಯುವಾಗ ಅನುಮತಿ, ನಿಷೇಧಗಳನ್ನು ತನಗೆ ಬೇಕಾದ ಕ್ರಮದಲ್ಲಿ ಇಡುತ್ತದೆ. ವಿಂಡೋಸ್ ಆ ಪಟ್ಟಿಯನ್ನು ಪಾಲಿಸುತ್ತದೆ, ಆದರೆ ಎಕ್ಸ್‌ಪ್ಲೋರರ್‌ಗೆ ಆ ಕ್ರಮ ಹಿಡಿಸುವುದಿಲ್ಲ. ಅಲ್ಲಿ 'ರೀಆರ್ಡರ್' ಒತ್ತಿದರೆ ಹಕ್ಕುಗಳ ಅರ್ಥವೇ ಬದಲಾಗಬಹುದು. ಒತ್ತಬೇಡ ಎಂದೆ.

ಇದಕ್ಕೆ ನಾನು ಕಂಡುಕೊಂಡದ್ದು ಇಷ್ಟು. ಯೂನಿಕ್ಸ್ ಅಂಕಿ ನಿಜವಾಗಿ ಬೇಕಿರುವುದು ಹೋಮ್ ಫೋಲ್ಡರ್‌ಗೆ ಮಾತ್ರ. ಪುಟಗಳಿರುವ ಡಿ ಡ್ರೈವಿನ ಫೋಲ್ಡರ್‌ಗೆ ವಿಂಡೋಸ್‌ನ ಹಕ್ಕೇ ಸಾಕು. ಹಾಗಾಗಿ ಮೌಂಟ್‌ಗಳ ಪಟ್ಟಿ ಇರುವ ಸಿಗ್‌ವಿನ್‌ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಫೋಲ್ಡರನ್ನು 'ನೋಎಸಿಎಲ್' (ಎಸಿಎಲ್ ಮುಟ್ಟಬೇಡ) ಆಯ್ಕೆಯೊಂದಿಗೆ ಬೇರೆಯಾಗಿ ಮೌಂಟ್ ಮಾಡಿದೆ. ಅಲ್ಲಿ ಈಗ ಹೊಸ ಫೈಲುಗಳು ಮೇಲಿನ ಫೋಲ್ಡರ್‌ನ ಹಕ್ಕುಗಳನ್ನೇ ಪಡೆಯುತ್ತವೆ, ಆಪರೇಟರ್‌ಗೆ ತೆರೆಯುತ್ತವೆ. ಎಲ್‌ಎಸ್‌ನಲ್ಲಿ ಕಾಣುವ 644 ಬರೀ ತೋರಿಕೆ. ಸಿಎಚ್‌ಮಾಡ್‌ನಿಂದ ಬದಲಾಗುವುದು ರೀಡ್-ಓನ್ಲಿ ಗುರುತು ಒಂದೇ. ಯಾವ ಕಾರಣಕ್ಕೂ ಕೀ ಫೈಲುಗಳನ್ನು ಇಂಥ ಮೌಂಟಿನಲ್ಲಾಗಲಿ ಪೆನ್‌ಡ್ರೈವಿನಲ್ಲಾಗಲಿ ಇಡಬಾರದು. ಅಲ್ಲಿ 600 ನಿಲ್ಲುವುದೇ ಇಲ್ಲ, ಎಸ್‌ಎಸ್‌ಎಚ್ 'ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್' ಎಂದು ಕೂಗಿ ಆ ಕೀಯನ್ನು ಪಕ್ಕಕ್ಕಿಡುತ್ತದೆ. ಆಗಲೇ ಕೆಟ್ಟಿದ್ದ ಹಳೆ ಫೈಲುಗಳಿಗೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಕ್ಯಾಕಲ್ಸ್' ಕಮಾಂಡಿಗೆ ಫೋಲ್ಡರ್ ಹೆಸರು ಕೊಟ್ಟು, ಮುಂದೆ ರೀಸೆಟ್ ಮತ್ತು ಟಿ ಆಯ್ಕೆ ಹಾಕಿದೆ. ಎಲ್ಲವೂ ಮೇಲಿನ ಫೋಲ್ಡರ್‌ನ ಹಕ್ಕಿಗೆ ಮರಳಿದವು.

ನಡುವೆ ಒಂದು ಮಾತು: ಕನ್ನಡ ಹೆಸರಿನ ಫೈಲುಗಳು ಸಿಗ್‌ವಿನ್ ಟರ್ಮಿನಲ್‌ನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಹೆದರಬೇಕಿಲ್ಲ. ಒಳಗೆ ಯೂಟಿಎಫ್-8 ಸರಿಯಾಗಿಯೇ ಇರುತ್ತದೆ, ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗುತ್ತದೆ.

ಇನ್ನೊಂದು ತೊಡಕು ಎದುರಾದದ್ದು ನೆಟ್‌ವರ್ಕ್ ಡಿಸ್ಕ್‌ನಲ್ಲಿ. ಕೀ ಬಳಸಿ ಲಾಗಿನ್ ಆದಾಗ ಬ್ಯಾಕಪ್ ಪೆಟ್ಟಿಗೆಯ ಶೇರ್ (ಹಂಚಿಕೊಂಡ ಫೋಲ್ಡರ್) ತೆರೆಯುವುದಿಲ್ಲ, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದರೆ ತೆರೆಯುತ್ತದೆ. ಕೀ ಲಾಗಿನ್‌ನಲ್ಲಿ ವಿಂಡೋಸ್‌ನ ಕೈಗೆ ನಿಮ್ಮ ಪಾಸ್‌ವರ್ಡ್ ಬರುವುದೇ ಇಲ್ಲ, ಬೇರೆ ಯಂತ್ರಕ್ಕೆ ನಿಮ್ಮ ಪರಿಚಯ ಹೇಳಲು ಅದರ ಬಳಿ ಏನೂ ಇರುವುದಿಲ್ಲ. 'ಪಾಸ್‌ಡಬ್ಲ್ಯೂಡಿ -ಆರ್' ಎಂಬ ದಾರಿ ಇದೆ, ಆದರೆ ಅದು ಪಾಸ್‌ವರ್ಡನ್ನು ರಿಜಿಸ್ಟ್ರಿಯಲ್ಲಿ ಇಡುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕಿದ್ದವರು ತೆಗೆಯಬಹುದು, ಹಾಗಾಗಿ ನನಗೆ ಬೇಡವೆನಿಸಿತು. ಬ್ಯಾಕಪ್ ಬೇಕಾದ ದಿನ 'ನೆಟ್ ಯೂಸ್' ಕಮಾಂಡಿಗೆ ಪೆಟ್ಟಿಗೆಯ ಹೆಸರು, ಪಾಸ್‌ವರ್ಡ್ ಕೊಟ್ಟು ಶೇರ್ ತೆರೆಯುತ್ತೇನೆ.

ಹೊರಗಿನಿಂದ ತಲುಪುವ ದಾರಿಗೆ ರೂಟರ್‌ನಲ್ಲಿ 22ನ್ನು ತೆರೆಯಲಿಲ್ಲ. ತೆರೆದರೂ ಪ್ರಯೋಜನವಿರಲಿಲ್ಲ, ನಮ್ಮ ಫೈಬರ್ ಸಂಪರ್ಕಕ್ಕೆ ಸ್ವಂತ ಪಬ್ಲಿಕ್ ಐಪಿ ಇಲ್ಲ. ಎರಡೂ ಯಂತ್ರಗಳಿಗೆ ಟೇಲ್‌ಸ್ಕೇಲ್ (ನಮ್ಮ ಯಂತ್ರಗಳ ನಡುವೆ ಖಾಸಗಿ ಜಾಲ ಕಟ್ಟುವ ಪ್ರೋಗ್ರಾಂ) ಹಾಕಿ, ವಿಂಡೋಸ್ ಫೈರ್‌ವಾಲ್‌ನ ನಿಯಮದಲ್ಲಿ 22ಕ್ಕೆ ಅದರ 100.64.0.0/10 ವಿಳಾಸಗಳಿಂದ ಮಾತ್ರ ಬರಬಹುದು ಎಂದು ಬಿಗಿ ಮಾಡಿದೆ. ಕೀ ಲಾಗಿನ್ ಗಟ್ಟಿಯಾದ ಮೇಲೆ ಸರ್ವರ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಕೂಡ ನಿಲ್ಲಿಸಿದೆ. ಅದಕ್ಕೆ ಮುಂಚೆ, ಏನಾದರೂ ತಪ್ಪಿದರೆ ಸರಿಪಡಿಸಲು, ಇನ್ನೊಂದು ಕಿಟಕಿಯಲ್ಲಿ ಲಾಗಿನ್ ತೆರೆದೇ ಇಟ್ಟುಕೊಳ್ಳಿ.

ಪುಟಗಳನ್ನು ಮನೆಗೆ ತರಲು, ತಿದ್ದಿದ್ದನ್ನು ವಾಪಸ್ ಕಳಿಸಲು ಫೈಲು ನಕಲಿಸುವ ಆರ್‌ಸಿಂಕ್ ಕಮಾಂಡ್ ಬಳಸುತ್ತೇನೆ. ಎಲ್ಲರೂ ಹೇಳುವ '-ಎ' ಆಯ್ಕೆ ಇಲ್ಲಿ ಬೇಡ. ಅದು ಪರ್ಮಿಶನ್, ಮಾಲೀಕ, ಗುಂಪು ಎಲ್ಲವನ್ನೂ ಹೊತ್ತು ತರಲು ನೋಡುತ್ತದೆ, ನೋಎಸಿಎಲ್ ಜಾಗದಲ್ಲಿ ಅದಕ್ಕೆ ಅರ್ಥವಿಲ್ಲ. '-ಆರ್‌ಟಿ' ಸಾಕು: ಒಳಗಿನ ಫೋಲ್ಡರ್‌ಗಳೂ ಬರುತ್ತವೆ, ಫೈಲಿನ ಸಮಯವೂ ಉಳಿಯುತ್ತದೆ, ಬದಲಾದ ಪುಟಗಳಷ್ಟೇ ಓಡಾಡುತ್ತವೆ.