ಕಳ್ಳರಿಗೊಂದು ಸಿದ್ಧತೆ, ಕ್ಷಿಪಣಿಗೆ ಬೇರೆಯೇ

ಉದುಮ, ಕೋಟಿಕುಳಂ, ಬೇಕಲದ ಕಡೆಯಿಂದ ಹೊಸದಾಗಿ ಹಡಗು ಹತ್ತುವ ಹುಡುಗರಿಗೆ ಒಂದು ವಿಷಯ ಸ್ಪಷ್ಟವಾಗಿ ಗೊತ್ತಿರಬೇಕು: ಏಡನ್ ಕೊಲ್ಲಿಯಲ್ಲಿ ಜೀವ ಉಳಿಸುವ ಜಾಗವೇ ಕೆಂಪು ಸಮುದ್ರದಲ್ಲಿ ಜೀವ ತೆಗೆಯಬಹುದು.

ಮೊದಲು ಕಡಲ್ಗಳ್ಳರ ವಿಚಾರ. ಕೊಲ್ಲಿ ಸೇರುವ ಮುಂಚೆಯೇ ನಾವು ಡೆಕ್ಕಿನವರು ಬ್ಲೇಡ್ ತಂತಿ ಕಟ್ಟಿ ಮುಗಿಸುತ್ತೇವೆ. ಸುರುಳಿಯ ವ್ಯಾಸ 730 ಅಥವಾ 980 ಮಿಲಿಮೀಟರ್, ಕಡಿಮೆಯೆಂದರೆ ಎರಡು ಸಾಲು. ಹೊಸಬರು ಅದನ್ನು ರೇಲಿಂಗಿನ ಒಳಮಗ್ಗುಲಿಗೆ ಕಟ್ಟಿಬಿಡುತ್ತಾರೆ. ಅದರಿಂದ ಪ್ರಯೋಜನವಿಲ್ಲ; ತಂತಿ ಹೊರಕ್ಕೆ ಚಾಚಿಕೊಂಡಿರಬೇಕು, ಏಣಿಯ ಕೊಕ್ಕೆಗೆ ರೇಲಿಂಗ್ ಸಿಗಲೇಬಾರದು. ಸುರುಳಿಯ ನಡುವೆ ಉದ್ದಕ್ಕೂ ಉಕ್ಕಿನ ವೈರ್ ತೂರಿಸಿ ಹಡಗಿಗೆ ಬಿಗಿಯದಿದ್ದರೆ ಕೊಕ್ಕೆ ಹಾಕಿ ಎಳೆದಾಗ ಸಾಲಿಗೆ ಸಾಲೇ ಕಿತ್ತುಬರುತ್ತದೆ. ಮೊದಲು ಹಿಂಬದಿಯ ಪೂಪ್ ಡೆಕ್ ಮುಗಿಸಿ. ದೋಣಿಗಳು ಹೆಚ್ಚಾಗಿ ಹಿಂದಿನಿಂದಲೇ ಬರುತ್ತವೆ.

18 ನಾಟ್‌ಗಿಂತ (ಗಂಟೆಗೆ ಸುಮಾರು 33 ಕಿಲೋಮೀಟರ್) ವೇಗವಾಗಿ ಓಡುವ ಹಡಗು ಹತ್ತುವುದು ಕಳ್ಳರಿಗೆ ಬಹಳ ಕಷ್ಟ. ಆದರೆ ಧಾನ್ಯ, ಕಲ್ಲಿದ್ದಲಿನಂಥ ಸರಕನ್ನು ರಾಶಿಯಾಗಿ ತುಂಬಿ ಸಾಗಿಸುವ ಬಲ್ಕ್ ಕ್ಯಾರಿಯರ್ ತುಂಬಿದಾಗ 12–13 ನಾಟ್‌ನಲ್ಲಿ ತೆವಳುತ್ತದೆ, ಡೆಕ್ಕೂ ನೀರಿಗೆ ಹತ್ತಿರ. ಅಂಥ ಹಡಗಿಗೆ ಕೊನೆಯ ಆಸರೆ ಸಿಟಾಡೆಲ್, ಅಂದರೆ ಒಳಗಿಂದ ಚಿಲಕ ಹಾಕಿ ಅಡಗುವ ಕೋಣೆ. ಹಲವು ಹಡಗುಗಳಲ್ಲಿ ಇದು ಇಂಜಿನ್ ರೂಮಿನಲ್ಲೋ ಚುಕ್ಕಾಣಿ ತಿರುಗಿಸುವ ಯಂತ್ರವಿರುವ ಸ್ಟಿಯರಿಂಗ್ ಗೇರ್ ರೂಮಿನಲ್ಲೋ ಇರುತ್ತದೆ. ನೀರು, ಆಹಾರ, ಔಷಧಿ, ಬಕೆಟ್ ಇಟ್ಟರೆ ಸಾಲದು. ಉಕ್ಕಿನ ಗೋಡೆಯೊಳಗೆ ಕೈಯಲ್ಲಿರುವ ಸ್ಯಾಟಲೈಟ್ ಫೋನ್ ಸತ್ತಂತೆಯೇ. ಆಂಟೆನಾ ಹೊರಗೆ ಕೂರಿಸಿ, ಒಳಗಿನಿಂದ ಒಮ್ಮೆ ಕರೆ ಮಾಡಿಯೇ ನೋಡಬೇಕು. ತಲೆ ಎಣಿಸಿ, ಮತ್ತೆ ಎಣಿಸಿ. ಒಬ್ಬ ಹೊರಗುಳಿದರೂ ನೌಕಾಪಡೆಯ ಕಮಾಂಡೊಗಳು ಹಡಗು ಏರಲು ಹಿಂಜರಿಯಬೇಕಾಗುತ್ತದೆ. 2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿನಲ್ಲಿ 15 ಭಾರತೀಯರೂ ಸೇರಿ 21 ಮಂದಿ ಹೀಗೆ ಒಳಗೆ ಸೇರಿಕೊಂಡಿದ್ದರು. ಐಎನ್‌ಎಸ್ ಚೆನ್ನೈ ಬಂದು ಎಲ್ಲರನ್ನೂ ಸುರಕ್ಷಿತವಾಗಿ ಹೊರತಂದಿತು.

ಬಾಬ್ ಎಲ್ ಮಂದಬ್ ಜಲಸಂಧಿ ದಾಟಿ ಕೆಂಪು ಸಮುದ್ರ ಸೇರಿದರೆ ಲೆಕ್ಕವೇ ಬೇರೆ. 2023ರ ನವೆಂಬರ್ 19ರಂದು ಯೆಮನ್‌ನ ಹೌತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗಿನ ಮೇಲೆ ಇಳಿದದ್ದು ಹೆಲಿಕಾಪ್ಟರಿನಿಂದ. ರೇಲಿಂಗಿನ ತಂತಿ ಅಲ್ಲಿ ಏನು ಮಾಡೀತು? 2024ರ ಜೂನ್ 12ರಂದು ಟ್ಯೂಟರ್ ಹಡಗಿಗೆ ಸ್ಫೋಟಕ ತುಂಬಿದ ಚಾಲಕರಹಿತ ದೋಣಿ ಬಡಿಯಿತು. ನೀರು ನುಗ್ಗಿದ್ದು ಇಂಜಿನ್ ರೂಮಿಗೆ. ಅಲ್ಲಿದ್ದ ಒಬ್ಬ ನಾವಿಕ ಮರಳಲಿಲ್ಲ.

ಹಾಗಾಗಿ ಅಲ್ಲಿ ಕ್ಷಿಪಣಿಯದೋ ಇಂಥ ದೋಣಿಯದೋ ಅಲಾರಂ ಆದರೆ ಕೆಳಗೆ ಓಡಬೇಡಿ. ಸೇರುವ ಜಾಗ ನೀರಿನ ಮಟ್ಟಕ್ಕಿಂತ ಮೇಲೆ, ಕಿಟಕಿಗಳಿಂದ ದೂರ, ವಸತಿಭಾಗದ ನಡುವಿನ ಓಣಿಯಲ್ಲಿರಲಿ. ಇಂಜಿನ್ ರೂಮಿನಲ್ಲಿ ತೀರಾ ಬೇಕಾದವರು ಮಾತ್ರ. ನೀರುತಡೆ ಬಾಗಿಲುಗಳೆಲ್ಲ ಮುಚ್ಚಿರಲಿ.

ಅಲಾರಂ ಎರಡು ಬಗೆಯದಾಗಿದ್ದು, ಕೇಳಿದೊಡನೆ ಮೇಲಕ್ಕೋ ಕೆಳಕ್ಕೋ ಎಂದು ಕಾಲಿಗೇ ಗೊತ್ತಾಗುವಷ್ಟು ಡ್ರಿಲ್ ಮಾಡಿಸಿ. ಇನ್ನೊಂದು, ಬಹಳ ಮಂದಿ ಮರೆಯುವುದು: ನಾವೇ ಕಟ್ಟಿದ ಬ್ಲೇಡ್ ತಂತಿ ಹಡಗು ಬಿಡುವಾಗ ನಮ್ಮನ್ನೇ ತಡೆಯುತ್ತದೆ. ಲೈಫ್‌ರಾಫ್ಟ್ (ಜೀವರಕ್ಷಕ ತೆಪ್ಪ) ಇಳಿಸುವ ಕಡೆ ಬಿಚ್ಚಲು ಬರುವಂತೆ ತಂತಿ ಕಟ್ಟಿ, ಪಕ್ಕದಲ್ಲೇ ಒಂದು ಬೋಲ್ಟ್ ಕಟರ್, ಒಂದು ಜೊತೆ ಚರ್ಮದ ಗ್ಲೌಸ್ ತೂಗುಹಾಕಿ.